ಮೋರಿಯ ಬಾಯಲ್ಲಿ ನಿಂತ ಮೀನು

ನವೆಂಬರಿನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಕಡಲಿಗೆ ಇಳಿಯುವ ಸಣ್ಣ ಹಳ್ಳಗಳಲ್ಲಿ ಇಂದಿಗೂ ಕಾಣಸಿಗುವ ಒಂದು ನೋಟವಿದೆ. ರಸ್ತೆಯ ಏರಿಯಿಂದ ಮೂರಡಿ ಅಗಲದ ಸುಕ್ಕುತಗಡಿನ ಪೈಪು ಮೂತಿ ಚಾಚಿಕೊಂಡಿರುತ್ತದೆ. ಅದರ ಬಾಯಿಂದ ನೀರು ಎರಡೂವರೆ ಅಡಿ ಕೆಳಗಿನ ಮಡುವಿಗೆ ಧುಮುಕುತ್ತಿರುತ್ತದೆ. ಮಡುವಿನಲ್ಲಿ ಕೊಹೊ ಸಾಲ್ಮನ್‌ಗಳು. ಗಂಡಿನ ಪಕ್ಕೆ ಕೆಂಪೇರಿದೆ, ಮೂತಿ ಕೊಕ್ಕೆಯ ಹಾಗೆ ಬಾಗಿದೆ. ಹೆಣ್ಣಿನ ಹೊಟ್ಟೆಯಲ್ಲಿ ಎರಡೂವರೆ ಮೂರು ಸಾವಿರ ಮೊಟ್ಟೆ. ಒಂದೂವರೆ ವರ್ಷ ಕಡಲಿನಲ್ಲಿ ತಿಂದು ಬೆಳೆದು, ಹುಟ್ಟಿದ ಹಳ್ಳದ ವಾಸನೆ ಹಿಡಿದು ಇಲ್ಲಿಯವರೆಗೆ ಬಂದಿವೆ. ಸಿಹಿನೀರು ಹೊಕ್ಕ ಮೇಲೆ ಅವಕ್ಕೆ ಊಟವಿಲ್ಲ, ಮೈಯಲ್ಲಿ ಉಳಿದಿರುವ ಶಕ್ತಿಯೇ ಬಂಡವಾಳ. ಒಂದು ಮೀನು ಎಗರುತ್ತದೆ, ಪೈಪಿನ ಅಂಚಿಗೆ ಎದೆ ಬಡಿದು ಬೀಳುತ್ತದೆ. ಇನ್ನೊಂದು ಹೇಗೋ ಒಳಗೆ ಸೇರುತ್ತದೆ. ಕತ್ತಲಲ್ಲಿ ಬಾಲ ತಗಡಿಗೆ ಪಟಪಟ ಬಡಿಯುವ ಸದ್ದು ಕೇಳುತ್ತದೆ, ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತದೆ, ಮೀನು ಬಾಲ ಮುಂದಾಗಿ ಮಡುವಿಗೆ ಬಂದು ಬೀಳುತ್ತದೆ. ಮತ್ತೆ ಎಗರುತ್ತದೆ.

ನೋಡಿದವರು ಮರೆಯಲಾಗದ ದೃಶ್ಯ ಇದು. ಆದರೆ ಈ ದೃಶ್ಯವೇ ನಮ್ಮನ್ನು ಬಹಳ ಕಾಲ ದಾರಿ ತಪ್ಪಿಸಿತಲ್ಲ ಎನ್ನುವುದು ನನ್ನನ್ನು ಕೊರೆಯುತ್ತದೆ. ಎಗರುವ ಮೀನನ್ನು ಕಂಡವರು ಎಗರುವ ಮೀನಿಗೆ ಬೇಕಾದ್ದನ್ನೇ ಕಟ್ಟುತ್ತಾ ಬಂದರು. ಮೆಟ್ಟಿಲು, ಪೈಪಿನೊಳಗೆ ಅಡ್ಡಪಟ್ಟಿ, ಕೆಳಗೆ ದಿಮ್ಮಿಯ ಕಟ್ಟೆ. ರೆಡ್ಮಂಡ್, ಬೆಲ್‌ವ್ಯೂ ಕಡೆ ನೆಲೆಸಿದ ನಮ್ಮ ಕನ್ನಡಿಗರೂ ಅಕ್ಟೋಬರಿನಲ್ಲಿ ಮಕ್ಕಳನ್ನು ಇಸ್ಸಕ್ವಾ ಹ್ಯಾಚರಿಗೆ, ಅಂದರೆ ಮೀನುಮರಿ ಸಾಕುವ ಕೇಂದ್ರಕ್ಕೆ, ಕರೆದುಕೊಂಡು ಹೋಗುತ್ತಾರೆ. ಮೆಟ್ಟಿಲೇರುವ ಮೀನನ್ನು ಗಾಜಿನಾಚೆ ನೋಡಿದ ಮಕ್ಕಳ ಮನಸ್ಸಿನಲ್ಲೂ ಅದೇ ಚಿತ್ರ ಉಳಿಯುತ್ತದೆ. ಅದೇ ಹಳ್ಳದಲ್ಲಿ ಯಾರ ಕಣ್ಣಿಗೂ ಬೀಳದೆ ಬೆರಳುದ್ದದ ಮರಿಗಳಿರುತ್ತವೆ. ಕೊಹೊ ಮರಿ ಜಲ್ಲಿಯಿಂದ ಎದ್ದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಸಿಹಿನೀರಿನಲ್ಲೇ ಬೆಳೆಯಬೇಕು. ಬೇಸಿಗೆಯಲ್ಲಿ ನೀರು ಬಿಸಿಯಾದರೆ ತಂಪಿನ ಕಡೆಗೆ, ಚಳಿಗಾಲದ ನೆರೆ ಬಂದರೆ ಪಕ್ಕದ ತೋಡಿಗೋ ಬೀವರ್ ಎಂಬ ಪ್ರಾಣಿ ಕಟ್ಟಿದ ಕೊಳಕ್ಕೋ ಅದು ಸರಿದುಕೊಳ್ಳಬೇಕು. ಆ ಓಡಾಟದಲ್ಲಿ ಎಷ್ಟೋ ಸಲ ಹರಿವಿಗೆ ಎದುರಾಗಿ, ಮೇಲ್ಮುಖವಾಗಿ ಹೋಗಬೇಕಾಗುತ್ತದೆ. ಅದಕ್ಕೆ ಅರ್ಧ ಅಡಿಯ ಧುಮುಕೂ ಗೋಡೆಯೇ.

ಮುಂಗಾರಿನ ಮೊದಲ ಮಳೆಗೆ ಗದ್ದೆಯ ಕಡೆ ತೋಡು ಹಿಡಿದು ಬರುವ ಹತ್ತುಮೀನನ್ನು ಕಂಡ ಮಲೆನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೀನು ಬೇರೆ, ಪ್ರಯಾಣದ ಉದ್ದ ಬೇರೆ. ಆದರೆ ರಸ್ತೆಯಡಿಯ ಹ್ಯೂಮ್ ಪೈಪು ಎಲ್ಲ ಕಡೆಯೂ ಒಂದೇ.

ಪೈಪು ಗೋಡೆಯಾಗುವ ಬಗೆ

ಎರಡೂವರೆ ಅಡಿ ಎತ್ತರದಲ್ಲಿ ಯಾರೂ ಪೈಪು ಕೂರಿಸಿರುವುದಿಲ್ಲ. ಹಾಕಿದ ದಿನ ಅದರ ತಳ ಹಳ್ಳದ ನೆಲದ ಮಟ್ಟಕ್ಕೇ ಇತ್ತು. ಎಂಟಡಿ ಅಗಲ ಹರಿಯುತ್ತಿದ್ದ ನೀರನ್ನು ಮೂರಡಿಗೆ ಹಿಂಡಿದರೆ ಅದು ರಭಸದಿಂದ ಹೊರಬರುತ್ತದೆ, ಬಂದಲ್ಲಿ ನೆಲ ಅಗೆಯುತ್ತದೆ. ಮೇಲಿನಿಂದ ಬರುತ್ತಿದ್ದ ಜಲ್ಲಿಯ ಸ್ವಲ್ಪ ಭಾಗ ಪೈಪಿನ ಒಳಬಾಯಿಯ ಹಿಂದೆ ನಿಂತುಬಿಡುವುದರಿಂದ ಅಗೆದ ಜಾಗ ತುಂಬಿಕೊಳ್ಳುವುದೂ ಇಲ್ಲ. ವರ್ಷಕ್ಕೊಂದೆರಡು ಇಂಚಿನ ಹಾಗೆ ಕೆಳಗಿನ ನೆಲ ಇಳಿಯುತ್ತಾ ಹೋಗಿ ಪೈಪು ಗಾಳಿಯಲ್ಲಿ ತೂಗುತ್ತದೆ. ವಾಷಿಂಗ್ಟನ್‌ನಲ್ಲಿ ಮೋರಿಗಳನ್ನು ಪರೀಕ್ಷಿಸುವವರು ಮೊದಲು ನೋಡುವುದು ಎರಡು ಅಳತೆ. ಹೊರಬಾಯಿಯಲ್ಲಿ ನೀರಿನ ಮಟ್ಟದ ವ್ಯತ್ಯಾಸ 24 ಸೆಂಟಿಮೀಟರಿಗೆ ಮುಟ್ಟಿದರೆ ಅದು ತಡೆ. ಒಳಗೆ ಹಳ್ಳದ ನೆಲವಿಲ್ಲದ ಬರಿ ಪೈಪಿನ ಇಳಿಜಾರು ನೂರಕ್ಕೆ ಒಂದನ್ನು ಮುಟ್ಟಿದರೂ ತಡೆ.

ಎರಡನೆಯ ಅಳತೆ ಕೇಳಿ ಹಲವರಿಗೆ ಆಶ್ಚರ್ಯ. ನೂರಡಿಗೆ ಒಂದಡಿ ಇಳಿದರೆ ಏನಾಯಿತು, ಹಳ್ಳವೇ ಅದಕ್ಕಿಂತ ಕಡಿದಾಗಿದೆಯಲ್ಲ ಎನ್ನುತ್ತಾರೆ. ಹಳ್ಳದಲ್ಲಿ ಕಲ್ಲಿದೆ, ಕಲ್ಲಿನ ಹಿಂದೆ ನಿಂತು ಉಸಿರು ತೆಗೆದುಕೊಳ್ಳಲು ತಾವಿದೆ. ಪೈಪಿನಲ್ಲಿ ಅದಿಲ್ಲ. ಮೂರಡಿ ಸುಕ್ಕುತಗಡಿನ ಪೈಪನ್ನು ನೂರಕ್ಕೆ ಮೂರರ ಇಳಿಜಾರಿನಲ್ಲಿಟ್ಟು ಅರ್ಧ ತುಂಬ ನೀರು ಬಿಟ್ಟರೆ ವೇಗ ಸೆಕೆಂಡಿಗೆ ಸುಮಾರು ಒಂಬತ್ತು ಅಡಿ ಬರುತ್ತದೆ. ನುಣುಪಾದ ಕಾಂಕ್ರೀಟ್ ಪೈಪಾದರೆ ಅದರ ಎರಡರಷ್ಟು. ದೊಡ್ಡ ಕೊಹೊಗೆ 60ರಿಂದ 100 ಅಡಿ ಉದ್ದದ ಪೈಪಿನಲ್ಲಿ ಆ ರಾಜ್ಯದ ನಿಯಮ ಇಟ್ಟಿದ್ದ ಮಿತಿ ಸೆಕೆಂಡಿಗೆ ಐದು ಅಡಿ. 200 ಅಡಿ ದಾಟಿದರೆ ಮೂರು ಅಡಿ. ಮೀನು ಒಂದೇ ಉಸಿರಿಗೆ ಇದಕ್ಕಿಂತ ಜೋರಾಗಿ ನುಗ್ಗಬಲ್ಲದು, ಆದರೆ ಕೆಲವೇ ಸೆಕೆಂಡು. ಅದಕ್ಕೇ ಪೈಪು ಉದ್ದವಾದಷ್ಟೂ ಮಿತಿ ಇಳಿಯುತ್ತದೆ. ಚಮ್ ಎಂಬ ಇನ್ನೊಂದು ಸಾಲ್ಮನ್ ಜಾತಿಗೆ ಎಗರುವ ಅಭ್ಯಾಸವೇ ಕಡಿಮೆ, ಅದು ಸಣ್ಣ ಧುಮುಕಿಗೂ ಸೋತು ಹಿಂದಿರುಗುತ್ತದೆ. ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಅಗಲ ತಳದ ಮೇಲೆ ನೀರು ಹಾಳೆಯಂತೆ ಹರಡಿ ಮೀನಿನ ಬೆನ್ನು ಮುಳುಗುವಷ್ಟೂ ಆಳವಿರುವುದಿಲ್ಲ. ತಳ ತುಕ್ಕು ಹಿಡಿದು ತೂತಾಗಿದ್ದರೆ ಇರುವ ನೀರೂ ಪೈಪಿನಡಿಗೆ ಸೋರಿಹೋಗುತ್ತದೆ.

ಹಳೆಯ ತೇಪೆಗಳ ಪಾಡು ಹೇಳುವುದಾದರೆ, ಪೈಪಿನೊಳಗಿನ ಅಡ್ಡಪಟ್ಟಿಗೆ ಕೊಂಬೆ ಸಿಕ್ಕಿಹಾಕಿಕೊಂಡು ಬಾಯಿ ಕಟ್ಟುತ್ತದೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಹಾಕಿದ ದಿಮ್ಮಿಗಳಲ್ಲಿ ತೀರಾ ಕೆಳಗಿನದರ ಅಡಿ ನೀರು ಕೊರೆದು ಅದು ಕುಸಿದರೆ ಮೇಲಿನ ಮೆಟ್ಟಿಲಿನ ಎತ್ತರ ಎರಡರಷ್ಟಾಗುತ್ತದೆ, ಆಮೇಲೆ ಅದೂ ಜಾರುತ್ತದೆ. ಪ್ರತಿ ವರ್ಷ ಕೈ ಹಾಕುವವರಿದ್ದರೆ ಮಾತ್ರ ನಿಲ್ಲುವ ಕೆಲಸ. ಕೈ ಹಾಕುವವರು ಎಷ್ಟು ವರ್ಷ ಇರುತ್ತಾರೆ?

ಒಪ್ಪಂದದ ಮಾತು

ಈ ರಾಜ್ಯದಲ್ಲಿ ಮೋರಿ ಬದಲಿಸುವುದು ದಯೆಯ ವಿಷಯವಾಗಿ ಉಳಿದಿಲ್ಲ, ಕಾನೂನಿನ ಬಾಧ್ಯತೆ. 1854-55ರಲ್ಲಿ ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಅಪಾರ ನೆಲವನ್ನು ಬಿಟ್ಟುಕೊಟ್ಟು, ತಮ್ಮ ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಒಪ್ಪಂದಗಳಲ್ಲಿ ಉಳಿಸಿಕೊಂಡವು. ಆ ಹಕ್ಕಿಗಾಗಿ ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದರು. ಮೊದಲ ಬಂಧನವಾದಾಗ ಅವರಿನ್ನೂ 14ರ ಹುಡುಗ. 1974ರಲ್ಲಿ ನ್ಯಾಯಾಧೀಶ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು ಎಂದು ತೀರ್ಪಿತ್ತರು. ಆದರೆ ಮೀನೇ ಬರದಿದ್ದರೆ ಅರ್ಧ ಪಾಲಿಗೆ ಏನರ್ಥ? ಈ ಪ್ರಶ್ನೆ ಹಿಡಿದು 2001ರಲ್ಲಿ 21 ಬುಡಕಟ್ಟುಗಳು ರಾಜ್ಯದ ಮೋರಿಗಳ ಮೇಲೆ ದಾವೆ ಹೂಡಿದವು. 2007ರಲ್ಲಿ ಅವರ ಪರ ತೀರ್ಪಾಯಿತು. 2013ರಲ್ಲಿ ಬಂದ ಆದೇಶ, ಮೇಲ್ಗಡೆ 200 ಮೀಟರ್ ಅಥವಾ ಅದಕ್ಕೂ ಹೆಚ್ಚು ಮೀನಿನ ನೆಲೆ ಇರುವ ಹೆದ್ದಾರಿ ಮೋರಿಗಳ ತಡೆ ತೆರವಿಗೆ 17 ವರ್ಷಗಳ ಗಡುವು ಕೊಟ್ಟಿತು, ಅಂದರೆ 2030. ರಾಜ್ಯ ಸರ್ಕಾರ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರ ಜೂನ್‌ನಲ್ಲಿ ನ್ಯಾಯಮೂರ್ತಿಗಳು ನಾಲ್ಕು-ನಾಲ್ಕಾಗಿ ಸಮಸಮ ನಿಂತರು, ಕೆಳಗಿನ ಕೋರ್ಟಿನ ತೀರ್ಪು ಉಳಿಯಿತು. ಬಿಲ್ಲಿ ಫ್ರಾಂಕ್ 2014ರಲ್ಲೇ ತೀರಿಕೊಂಡಿದ್ದರು.

ನನಗೆ ಆ ಆದೇಶದಲ್ಲಿ ಗಡುವಿಗಿಂತ ಮುಖ್ಯವಾಗಿ ಕಾಣುವುದು ಅದು ಹೇಳಿದ ವಿಧಾನ. ಸಾಧ್ಯವಾದರೆ ರಸ್ತೆ ಹಳ್ಳ ದಾಟುವುದನ್ನೇ ತಪ್ಪಿಸಿ, ಆಗದಿದ್ದರೆ ಪೂರ್ತಿ ಅಗಲದ ಸೇತುವೆ ಕಟ್ಟಿ, ಅದೂ ಆಗದಿದ್ದರೆ ಹಳ್ಳವನ್ನೇ ಹೋಲುವ ಮೋರಿ ಹಾಕಿ. ಮೀನಿನ ಈಜಿನ ಲೆಕ್ಕ ಅಲ್ಲಿಗೆ ಹಿಂದೆ ಸರಿಯಿತು. ಹಳ್ಳದ ನೆಲ, ಕಲ್ಲು, ದಡ ಎಲ್ಲವೂ ರಸ್ತೆಯಡಿ ಕಡಿಯದೆ ಸಾಗಿದರೆ ಯಾವ ಮೀನಿಗೆ ಎಷ್ಟು ವೇಗ ಎಂದು ಕೇಳುವ ಅಗತ್ಯವೇ ಇಲ್ಲ. ಮೇಲೆ ಬದುಕುವ ಮರಿ ಒಳಗೂ ಬದುಕುತ್ತದೆ.

ಅಗಲ ಅಳೆಯುವ ಜಾಗ

ಈ ವಿಧಾನದ ಬುನಾದಿ ಒಂದು ಸಣ್ಣ ಲೆಕ್ಕ. ಹಳ್ಳ ದಡ ತುಂಬಿ ಹರಿಯುವಾಗಿನ ಅಗಲವನ್ನು 1.2ರಿಂದ ಗುಣಿಸಿ, ಅದಕ್ಕೆ ಎರಡಡಿ ಕೂಡಿಸಿ. ಎಂಟಡಿ ಹಳ್ಳಕ್ಕೆ ಮೋರಿಯೊಳಗಿನ ನೆಲ 11.6 ಅಡಿ ಅಗಲ ಬೇಕು. ಹಳೆಯ ಪೈಪು ಮೂರಡಿ ಇತ್ತು ಎನ್ನುವುದನ್ನು ನೆನಪಿಡಿ. ಲೆಕ್ಕ ಸುಲಭ, ಕೆಡುವುದು ಅಳತೆಯಲ್ಲಿ. ಮೋರಿಯ ಕೆಳಗಿನ ಮಡುವಿನಲ್ಲಿ ಟೇಪು ಹಿಡಿದರೆ ನೀರು ಕೊರೆದು ಅಗಲವಾದ ಜಾಗ ಸಿಗುತ್ತದೆ. ಮೇಲ್ಬಾಯಿಯ ಬಳಿ ಹಿಡಿದರೆ ಹೂಳು ತುಂಬಿದ ಬಯಲು ಸಿಗುತ್ತದೆ. ಎರಡೂ ಮೋರಿಯೇ ಮಾಡಿದ ಅಗಲ, ಹಳ್ಳದ್ದಲ್ಲ. ಮೋರಿಯ ಪ್ರಭಾವ ತೀರುವಷ್ಟು ದೂರ ನಡೆದು, ಹತ್ತು ಕಡೆಯಾದರೂ ಅಳೆದು ಸರಾಸರಿ ತೆಗೆಯಬೇಕು. ಗುರುತು ಯಾವುದು? ಕಲ್ಲಿನ ಮೇಲೆ ಪಾಚಿ ಶುರುವಾಗುವ ಗೆರೆ, ಬಹುವರ್ಷದ ಗಿಡಗಳ ಅಂಚು, ಕಡಿದಾದ ದಡ ಚಪ್ಪಟೆಯಾಗುವ ತಿರುವು. ಎಂಟಡಿಯನ್ನು ಆರಡಿ ಎಂದು ಬರೆದುಕೊಂಡರೆ ಮೋರಿ 9.2 ಅಡಿಗೆ ಇಳಿಯುತ್ತದೆ, ಮುಂದಿನ ಐವತ್ತು ವರ್ಷ ಹಳ್ಳ ಆ ತಪ್ಪಿನೊಳಗೆ ಹಿಂಡಿಸಿಕೊಳ್ಳುತ್ತದೆ.

ಅಗಲದ ಜೊತೆಗೆ ಉದ್ದದ ಸರ್ವೆ. ಹಳ್ಳದ ನೆಲದ ಅತಿ ಆಳದ ಗೆರೆ ಹಿಡಿದು ಮೇಲಕ್ಕೂ ಕೆಳಕ್ಕೂ ಹಳ್ಳದ ಅಗಲದ ಇಪ್ಪತ್ತರಷ್ಟು ದೂರ ಮಟ್ಟ ತೆಗೆದು ಗೀಟು ಎಳೆದರೆ ಮೋರಿಯ ಹಿಂದೆ ತುಂಬಿದ ಜಲ್ಲಿಯ ಗುಡ್ಡೆಯೂ ಮುಂದೆ ಅಗೆದ ಗುಂಡಿಯೂ ಕಣ್ಣಿಗೆ ಬೀಳುತ್ತವೆ. ಇವೆರಡರ ನಡುವೆ ಹಳ್ಳ ತಾನಾಗಿ ಎಲ್ಲಿ ನಿಲ್ಲುತ್ತದೆ ಎಂದು ಊಹಿಸುವುದೇ ಇಡೀ ಕೆಲಸದ ಕಷ್ಟದ ಭಾಗ. ಮೋರಿಯೊಳಗಿನ ನೆಲದ ಇಳಿಜಾರು ಮೇಲಿನ ಹಳ್ಳದ ಇಳಿಜಾರಿನ 1.25 ಪಟ್ಟು ಮೀರಬಾರದು, ಅಲ್ಲಿ ನೂರಕ್ಕೆ ಎರಡಿದ್ದರೆ ಇಲ್ಲಿ ಎರಡೂವರೆ. ಹಳೆಯ ಪೈಪು ಕಿತ್ತ ಕೂಡಲೇ ಹಿಂದಿನ ಗುಡ್ಡೆ ಕೊರೆಯತೊಡಗಿ, ಆ ಮೆಟ್ಟಿಲು ಹಿಮ್ಮುಖವಾಗಿ ಹಳ್ಳದ ಮೇಲಕ್ಕೆ ನಡೆಯುತ್ತಾ ಹೋಗುತ್ತದೆ. ಮೇಲೆ ಬರಿ ಕಾಡಿದ್ದರೆ ನಡೆಯಲಿ ಎಂದು ಬಿಡುವುದೇ ಮೇಲು, ಆ ಜಲ್ಲಿ ಕೆಳಗಿನ ಹಸಿದ ನೆಲಕ್ಕೆ ಬೇಕು. ಮಣ್ಣಿನಡಿ ಗ್ಯಾಸ್ ಅಥವಾ ಒಳಚರಂಡಿ ಪೈಪು ದಾಟಿದ್ದರೆ ಬಿಡುವ ಹಾಗಿಲ್ಲ. ಬೇರುಬುಡ್ಡೆ ಸಮೇತ ದಿಮ್ಮಿಗಳನ್ನು ಹೂತು ನೆಲ ಹಿಡಿದು ನಿಲ್ಲಿಸಬೇಕಾಗುತ್ತದೆ.

ಬೇಸಿಗೆಯ ಕೆಲವು ವಾರ

ನೀರಿಗಿಳಿಯಲು ಅನುಮತಿ ಸಿಗುವುದು ಸಾಮಾನ್ಯವಾಗಿ ಜುಲೈ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ. ಮೊಟ್ಟೆಯಿಂದ ಮರಿ ಎದ್ದಾಗಿರುತ್ತದೆ, ದೊಡ್ಡ ಮೀನು ಇನ್ನೂ ಬಂದಿರುವುದಿಲ್ಲ. ಮೊದಲ ದಿನ ಜೆಸಿಬಿ ಬರುವುದಿಲ್ಲ, ಬಲೆ ಬರುತ್ತದೆ. ಕೆಲಸದ ಜಾಗದ ಮೇಲೂ ಕೆಳಗೂ ಸಣ್ಣ ಕಣ್ಣಿನ ತಡೆಬಲೆ ಕಟ್ಟಿ, ಅಡಿಗೆ ಮರಳುಚೀಲ ಒತ್ತಿ, ನಡುವಿನ ಮೀನನ್ನು ಕೈಬಲೆಯಲ್ಲಿ ಹಿಡಿಯುತ್ತಾರೆ. ಉಳಿದವಕ್ಕೆ ನೀರಿಗೆ ಕರೆಂಟು ಹಾಯಿಸಿ ಮೀನಿನ ಎಚ್ಚರ ತಪ್ಪಿಸುವ, ಬೆನ್ನಿಗೆ ಹೊರುವ ಎಲೆಕ್ಟ್ರೋಫಿಶರ್ ಯಂತ್ರ, ಅದೂ ಪರವಾನಗಿ ಇದ್ದವರ ಕೈಯಲ್ಲಿ ಮಾತ್ರ. ಕರೆಂಟು ತೀರ ಕಡಿಮೆಯಿಂದ ಶುರು ಮಾಡಬೇಕು, ಹೆಚ್ಚಾದರೆ ಮೀನಿನ ಬೆನ್ನೆಲುಬು ಮುರಿಯುತ್ತದೆ. ನೀರು 18 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಲ್ಲಿಸಬೇಕು, ಅದಕ್ಕೇ ಬೆಳಗಿನ ಜಾವ ಒಳ್ಳೆಯದು. ಬಕೆಟ್ಟಿನಲ್ಲಿ ಗಾಳಿ ಬಿಡುವ ಯಂತ್ರ ಬೇಕು, ಮೇಲೆ ನೆರಳು ಬೇಕು. ದೊಡ್ಡ ತಲೆಯ ಸ್ಕಲ್ಪಿನ್ ಮೀನನ್ನು ಕೊಹೊ ಮರಿಗಳ ಜೊತೆ ಒಂದೇ ಬಕೆಟ್ಟಿಗೆ ಹಾಕಬಾರದು, ಹಳ್ಳದ ಮೇಲಕ್ಕೆ ಹೊತ್ತೊಯ್ಯುವಷ್ಟರಲ್ಲಿ ತಿಂದುಬಿಟ್ಟಿರುತ್ತದೆ. ನೀರು ಖಾಲಿಯಾಯಿತು, ಮೀನೆಲ್ಲ ಸಿಕ್ಕಿತು ಎಂದುಕೊಂಡ ಮೇಲೂ ಕಾಯಬೇಕು. ಲ್ಯಾಂಪ್ರೇ ಎಂಬ ಹಾವಿನಾಕಾರದ ಮೀನಿನ ಮರಿಗಳು ಹೂಳಿನೊಳಗೆ ಹುದುಗಿರುತ್ತವೆ. ಮೇಲೆ ಒಣಗಿದಂತೆ ಗಂಟೆಗಳ ಬಳಿಕ ಎರೆಹುಳುವಿನ ಹಾಗೆ ಒಂದೊಂದಾಗಿ ಎದ್ದು ಬರುತ್ತವೆ. ಅವನ್ನು ಕಾದು ಆರಿಸುವ ತಾಳ್ಮೆ ಇರುವ ತಂಡವನ್ನು ಕಂಡರೆ ನನಗೆ ಗೌರವ ಮೂಡುತ್ತದೆ.

ಹಳ್ಳವನ್ನು ಮರಳುಚೀಲ ಮತ್ತು ಪ್ಲಾಸ್ಟಿಕ್ ಹಾಳೆಯ ಒಡ್ಡಿನಿಂದ ತಡೆದು, ಇಳಿಜಾರಿದ್ದರೆ ಪೈಪಿನಲ್ಲಿ, ಇಲ್ಲದಿದ್ದರೆ ಪಂಪಿನಲ್ಲಿ ದಾಟಿಸುತ್ತಾರೆ. ಪಂಪಿನ ಬಾಯಿಗೆ ಜರಡಿ ಇರಲೇಬೇಕು, ಕಣ್ಣು ಒಂದು ಇಂಚಿನ 32ರಲ್ಲಿ ಮೂರು ಭಾಗ ಮೀರಬಾರದು. ಇನ್ನೊಂದು ಪಂಪು ಪಕ್ಕದಲ್ಲಿ ತಯಾರಿರಬೇಕು. ರಾತ್ರಿ ಪಂಪು ನಿಂತರೆ ಕೆಳಗಿನ ಹಳ್ಳ ಒಣಗುತ್ತದೆ, ಮೇಲಿನ ಒಡ್ಡು ಒಡೆಯುತ್ತದೆ. ಆಮೇಲೆ ರಸ್ತೆ ಅಗೆತ, ಹಳೆ ಪೈಪು ಕೀಳುವುದು, ಕೊರೆತದ ಆಳಕ್ಕಿಂತ ಕೆಳಗೆ ಅಡಿಪಾಯ, ಕ್ರೇನಿನಲ್ಲಿ ಇಳಿಸುವ ತಳವಿಲ್ಲದ ಕಾಂಕ್ರೀಟ್ ಬಾಕ್ಸ್ ತುಂಡುಗಳು. ಇದು ಎಲ್ಲ ರಸ್ತೆ ಗುತ್ತಿಗೆದಾರರಿಗೂ ಗೊತ್ತಿರುವ ಕೆಲಸ. ಅವರಿಗೆ ಹೊಸದು ಇದರ ನಂತರ ಬರುವುದು.

ಕಲ್ಲಿನ ನಡುವೆ ಕೆಸರು

ಮೋರಿಯೊಳಗೆ ನೆಲ ಹಾಸಬೇಕು. 11.6 ಅಡಿ ಅಗಲ, 70 ಅಡಿ ಉದ್ದ, ಮೂರಡಿ ದಪ್ಪ ಎಂದರೆ ಸುಮಾರು 69 ಘನ ಮೀಟರ್, ಒಂಬತ್ತು ಲಾರಿ ಲೋಡು. ಗುತ್ತಿಗೆದಾರ ತೊಳೆದ ಜಲ್ಲಿ ತರಿಸುತ್ತಾನೆ, ಹಳ್ಳಕ್ಕೆ ಸ್ವಚ್ಛವಾಗಿರಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ. ಆ ಸ್ವಚ್ಛತೆಯೇ ಕೆಲಸ ಕೆಡಿಸುತ್ತದೆ. ನೀರು ಬಿಟ್ಟ ದಿನ ಮೇಲ್ಬಾಯಿಯಲ್ಲಿ ಹೊಕ್ಕ ಹಳ್ಳ ಹತ್ತಡಿ ಬರುವಷ್ಟರಲ್ಲಿ ಕಲ್ಲಿನ ಸಂದಿಗಳಲ್ಲಿ ಇಂಗಿ ಮಾಯವಾಗಿ, ಕೆಳಬಾಯಿಯ ಆಚೆ ಎಲ್ಲೋ ಏಳುತ್ತದೆ. ಲಕ್ಷಾಂತರ ಡಾಲರ್ ಸುರಿದು ಕಟ್ಟಿದ ಮೋರಿಯಲ್ಲಿ ಒಣ ಕಲ್ಲು. ಪೈಪು ತಡೆದಂತೆ ಇದೂ ಮೀನನ್ನು ತಡೆಯುತ್ತದೆ.

ಅದಕ್ಕೇ ಮಿಶ್ರಣದಲ್ಲಿ ತಲೆಗಾತ್ರದ ಗುಂಡುಕಲ್ಲಿನಿಂದ ಹಿಡಿದು ಮುಷ್ಟಿಕಲ್ಲು, ಜಲ್ಲಿ, ಮರಳಿನವರೆಗೆ ಎಲ್ಲ ಗಾತ್ರವೂ ಇರಬೇಕು, ನೂರಕ್ಕೆ ಐದರಿಂದ ಹತ್ತು ಪಾಲು ಗೋಡು ಮತ್ತು ನುಣ್ಣನೆಯ ಮರಳು ಸೇರಿರಬೇಕು. ಒಂದಡಿ ದಪ್ಪಕ್ಕೆ ಹಾಸಿ, ಅದರ ಮೇಲೆ ನುಣ್ಣನೆಯ ಮಣ್ಣು ಚೆಲ್ಲಿ, ಹೋಸಿನಲ್ಲಿ ನೀರು ಹೊಡೆಯುತ್ತಾರೆ. ಮೊದಲು ನೀರು ಗಟಗಟ ಇಳಿದುಹೋಗುತ್ತದೆ. ಸಲಿಕೆಯಿಂದ ಮತ್ತಷ್ಟು ಎಳೆದು, ಕೋಲಿನಿಂದ ಸಂದಿಗೆ ತುರುಕಿ, ಮತ್ತೆ ನೀರು. ಗುಳ್ಳೆಗಳು ಏಳುತ್ತವೆ, ಕಂದು ನೀರು ಕಲ್ಲುಗಳ ನಡುವೆ ಸುತ್ತುತ್ತದೆ, ಇಳಿಯುವುದು ನಿಧಾನವಾಗುತ್ತದೆ. ಒಂದು ಹೊತ್ತಿನಲ್ಲಿ ನೀರು ಅಲ್ಲೇ ನಿಂತು ಹೊಳೆಯುತ್ತದೆ. ಆ ಪದರ ಆಯಿತು ಎಂದರ್ಥ, ಮುಂದಿನದಕ್ಕೆ ಹೋಗಬಹುದು. ಅವಸರದಲ್ಲಿ ಮೂರಡಿಯನ್ನೂ ಒಟ್ಟಿಗೆ ಸುರಿದು ಮೇಲಷ್ಟೇ ತೊಳೆದರೆ ಅಡಿಯ ಸಂದಿಗಳು ತೆರೆದೇ ಉಳಿಯುತ್ತವೆ. ಆಮೇಲೆ ಅದನ್ನು ಸರಿಪಡಿಸಲು ದಾರಿಯಿಲ್ಲ, ಹಳ್ಳವೇ ಒಂದೆರಡು ಮಳೆಗಾಲ ಹೂಳು ತಂದು ಮುಚ್ಚುವವರೆಗೆ ಕಾಯಬೇಕು.

ನೆಲ ಸಪಾಟಾಗಿರಬಾರದು. ನಡುವೆ ತಗ್ಗಾದ ಗೀರು ಬೇಕು, ಸೆಪ್ಟೆಂಬರಿನ ಸಣ್ಣ ಹರಿವೂ ಅಲ್ಲಿ ಒಟ್ಟಾಗಿ ಆಳ ಉಳಿಸಿಕೊಳ್ಳಲಿ ಎಂದು. ಎರಡೂ ಗೋಡೆಯ ಪಕ್ಕ ದೊಡ್ಡ ಕಲ್ಲುಗಳನ್ನು ಅರ್ಧಕ್ಕಿಂತ ಹೆಚ್ಚು ಹೂತು ದಡ ಮಾಡಬೇಕು. ಕಾಂಕ್ರೀಟ್ ಗೋಡೆ ನುಣುಪು. ದಡವಿಲ್ಲದಿದ್ದರೆ ನೀರು ಗೋಡೆಗೆ ಆತುಕೊಂಡು ಅಲ್ಲೇ ಗೀರು ಕೊರೆಯುತ್ತದೆ, ಅಂಚಿನ ನಿಧಾನದ ನೀರು ಕೈತಪ್ಪುತ್ತದೆ. ಮರಿಗಳು ದಾಟುವುದು ಆ ಅಂಚಿನಲ್ಲೇ.

ನೀರು ಮರಳಿ ಬಿಡುವಾಗಲೂ ಒಮ್ಮೆಲೇ ಒಡ್ಡು ಕೀಳುವಂತಿಲ್ಲ. ಮೊದಲು ಮೂರನೇ ಒಂದು ಪಾಲು ಬಿಟ್ಟು, ಬರುವ ಕೆಸರುನೀರನ್ನು ಕೆಳಬಾಯಿಯಲ್ಲಿ ಹಿಡಿದು ಗಿಡಗಳಿರುವ ಬಯಲಿಗೆ ಪಂಪು ಮಾಡಿ, ತಿಳಿಯಾದ ಮೇಲೆ ಉಳಿದದ್ದು. ಅಷ್ಟು ಹೊತ್ತೂ ಪಕ್ಕದ ಪೈಪು ಹರಿಯುತ್ತಿರಬೇಕು, ಏಕೆಂದರೆ ಹೊಸ ನೆಲ ಮೊದಲು ತಾನು ಕುಡಿಯುತ್ತದೆ.

ರಸ್ತೆಯ ಮೇಲಿನಿಂದ ಬರುವುದು

ಕೋರ್ಟಿನ ಆದೇಶ ರಾಜ್ಯದ ಮೋರಿಗಳಿಗೆ ಮಾತ್ರ. ಅದೇ ಹಳ್ಳದಲ್ಲಿ ಸ್ವಲ್ಪ ಕೆಳಗೆ ಕೌಂಟಿಯದ್ದೋ ನಗರದ್ದೋ, ಯಾರದೋ ಮನೆಯ ದಾರಿಯದ್ದೋ ಪೈಪು ತೂಗುತ್ತಿದ್ದರೆ ಮೇಲಿನ ಹೊಸ ಮೋರಿಗೆ ಮೀನು ಬರುವುದೇ ಇಲ್ಲ. ಹಾಗಾಗಿ ಹಳ್ಳವೊಂದನ್ನು ಕೈಗೆತ್ತಿಕೊಂಡರೆ ಕಡಲಿನ ಕಡೆಯಿಂದ ಶುರು ಮಾಡಿ ಒಂದೊಂದೇ ತಡೆ ತೆಗೆಯುತ್ತಾ ಮೇಲೆ ಹೋಗುವುದೇ ಸರಿ. ಯಾರ ಆಸ್ತಿಗೆ ಮೊದಲು ಹಣ ಬಂತು ಎನ್ನುವ ಲೆಕ್ಕದಲ್ಲಿ ನಡೆದರೆ ಮೀನಿಗೆ ಉಪಯೋಗವಿಲ್ಲ.

ದಾರಿ ತೆರೆದ ಮೇಲೂ ಒಂದು ಕಷ್ಟ ಉಳಿಯುತ್ತದೆ. ಸಿಯಾಟಲ್ ನಗರದ ಲಾಂಗ್‌ಫೆಲೊ ಹಳ್ಳಕ್ಕೆ ಕೊಹೊ ಬರುತ್ತವೆ, ಮಳೆ ಬಿದ್ದ ಕೆಲವು ಗಂಟೆಗಳಲ್ಲಿ ದಿಕ್ಕುತಪ್ಪಿ ಸುತ್ತುತ್ತಾ ಬಾಯಿ ತೆರೆದು ಸಾಯುತ್ತವೆ, ಹೊಟ್ಟೆಯ ತುಂಬ ಮೊಟ್ಟೆ ಹಾಗೇ ಇರುತ್ತದೆ. ಕಾರಣ ವರ್ಷಗಟ್ಟಲೆ ತಿಳಿದಿರಲಿಲ್ಲ. 2020ರ ಡಿಸೆಂಬರಿನಲ್ಲಿ ಪತ್ತೆಯಾಯಿತು. ಟೈರು ಬಿರಿಯದಂತೆ ರಬ್ಬರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಟೈರಿನ ಪುಡಿಯ ಜೊತೆ ಅದು ರಸ್ತೆಯಿಂದ ತೊಳೆದು ಹಳ್ಳ ಸೇರುತ್ತದೆ. ಅದೇ ನೀರಿನಲ್ಲಿ ಚಮ್‌ಗೆ ಏನೂ ಆಗುವುದಿಲ್ಲ, ಕೊಹೊ ಉಳಿಯುವುದಿಲ್ಲ. ರಸ್ತೆಯ ನೀರನ್ನು ಅರವತ್ತು ಪಾಲು ಮರಳು, ನಲವತ್ತು ಪಾಲು ಕಾಂಪೋಸ್ಟ್ ಬೆರೆಸಿದ ಮಣ್ಣಿನ ಮೂಲಕ ಇಳಿಸಿದರೆ ಕೊಹೊ ಬದುಕುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಹೊಸ ಮೋರಿ ಕಟ್ಟುವಾಗ ಹೇಗೂ ರಸ್ತೆ ಅಗೆದಿರುತ್ತದೆ, ಗುತ್ತಿಗೆದಾರ ಅಲ್ಲೇ ಇರುತ್ತಾನೆ. ರಸ್ತೆಬದಿಯ ಚರಂಡಿಯನ್ನು ನೇರ ಹಳ್ಳಕ್ಕೆ ಬಿಡದೆ ಇಂಥ ಮಣ್ಣಿನ ಗುಂಡಿಗೆ ತಿರುಗಿಸುವುದನ್ನು ಅದೇ ಅಂದಾಜುಪಟ್ಟಿಯಲ್ಲಿ ಸೇರಿಸಬೇಕು. ಆಮೇಲೆ ಬೇರೆ ಯೋಜನೆ ಮಾಡೋಣ ಎಂದರೆ ಆ ಆಮೇಲೆ ಬರುವುದಿಲ್ಲ.

ಚಳಿಗಾಲದಲ್ಲಿ ದಡಕ್ಕೆ ವಿಲ್ಲೋ ಕಡ್ಡಿ ಊರಿ, ಹಿಂದೆ ಸೀಡರ್ ಸಸಿ ನೆಡುತ್ತಾರೆ. ಮೊದಲ ನೆರೆ ಇಳಿದ ಮೇಲೆ ಮತ್ತೆ ಮಟ್ಟ ತೆಗೆದು, ನೆಲ ಎಷ್ಟು ಸರಿಯಿತು, ತಗ್ಗಿನ ಗೀರು ನಡುವೆಯೇ ಇದೆಯೇ, ಕೆಳಬಾಯಿಯಲ್ಲಿ ಮತ್ತೆ ಮೆಟ್ಟಿಲು ಮೂಡಿದೆಯೇ ಎಂದು ನೋಡುತ್ತಾರೆ. ಕೆಲವು ಕಲ್ಲು ಜಾಗ ಬದಲಿಸಿರುತ್ತವೆ, ಮೇಲಿನಿಂದ ಹೊಸ ಜಲ್ಲಿ ಬಂದು ಕೂತಿರುತ್ತದೆ. ಹಾಗೆ ಬಂದಿದ್ದರೆ ಒಳ್ಳೆಯದು, ಹಳ್ಳ ಒಳಗೂ ಹಳ್ಳವಾಗಿಯೇ ನಡೆದುಕೊಳ್ಳುತ್ತಿದೆ. ದೊಡ್ಡ ಮೀನಿನ ಎಣಿಕೆ ನವೆಂಬರಿನಲ್ಲಿ ರಸ್ತೆಯ ಮೇಲ್ಗಡೆ ನಡೆಯುತ್ತದೆ. ಮರಿಯ ಎಣಿಕೆಗೆ ಮಾತ್ರ ಟಾರ್ಚು ಹಿಡಿದು, ಬಗ್ಗಿ, ಮೋರಿಯೊಳಗೇ ಹೋಗಬೇಕು. ಗೋಡೆಯ ಪಕ್ಕ ಹೂತ ಮೂರನೆಯದೋ ನಾಲ್ಕನೆಯದೋ ಕಲ್ಲಿನ ಹಿಂದೆ, ಎರಡು ಇಂಚು ಆಳದ ನಿಂತ ನೀರಿನಲ್ಲಿ, ಪಕ್ಕೆಯ ಮೇಲೆ ಅಡ್ಡ ಗೀರುಗಳಿರುವ ಬೆರಳುದ್ದದ್ದೊಂದು ಮೇಲ್ಮುಖವಾಗಿ ನಿಂತಿರುತ್ತದೆ. ಬೆಳಕು ಬಿದ್ದರೆ ಮುಂದಿನ ಕಲ್ಲಿನ ಹಿಂದಕ್ಕೆ ಸರಿಯುತ್ತದೆ.